ಸಂಡೂರು ಗುಡ್ಡಕ್ಕ ಗುಂಪಾಗಿ ಸೈಕಲ್: ಏರಿನ್ಯಾಗ ಹಿಂದ ಉಳಿದವರಿಗೆ ಕಾಯಬೇಕೋ ಬ್ಯಾಡೋ?

ಕೋಟೆಗುಡ್ಡ (ಬಳ್ಳಾರಿ)
ಎಲ್ಲಾರಿಗೂ ನಮಸ್ಕಾರ. ನಾಲ್ಕು ಮಳೆ ಬಿದ್ದು ಗುಡ್ಡ ಹಸಿರಾದ ಮೇಲೆ ಸಂಡೂರಿಗೆ ಸೈಕಲ್ ಮೇಲೆ ಹೋಗೋಣ ಅಂತ ನಾವು ಹತ್ತು ಹನ್ನೆರಡು ಮಂದಿ ಮಾತಾಡ್ಕೊಂಡೀವಿ. ಮೊದಲನೇ ದಿನ ಬಳ್ಳಾರಿ, ಕುಡುತಿನಿ, ತೋರಣಗಲ್ಲು, ಸಂಡೂರು. ರಾತ್ರಿ ಅಲ್ಲೇ ವಸ್ತಿ. ಮರುದಿನ ಬೆಳಗ್ಗೆ ಕುಮಾರಸ್ವಾಮಿ ಗುಡ್ಡ. ಕಾಲಾಗ ಕಸುವು ಉಳಿದವರು ರಾಮಗಡದ ಕಡೆನೂ ಹತ್ತಬಹುದು.

ಈಗ ವಿಷಯಕ್ಕ ಬರ್ತೀನಿ. ಗುಂಪಿನ್ಯಾಗ ಎರಡು ಪಂಗಡ ಆಗ್ಯಾವು. ಒಬ್ಬರು ಹೇಳ್ತಾರ, ಏರು ಬಂತಂದ್ರ ಅವರವರ ಕಸುವಿನ ಮೇಲೆ ಅವರವರು ಹತ್ತಬೇಕು, ಮೇಲೆ ಹೋಗಿ ಸೇರೋಣ. ಇನ್ನೊಬ್ಬರು ಹೇಳ್ತಾರ, ಕೂಡಿ ಹೊಂಟ ಮೇಲೆ ಕೂಡೇ ಹೋಗಬೇಕು, ಕಡೇ ಸವಾರ ಎಷ್ಟು ಸಾವಕಾಶ ಹೊಡಿತಾನೋ ಎಲ್ಲಾರೂ ಅಷ್ಟೇ. ಹೋದ ಮಳೆಗಾಲದ ಟ್ರಿಪ್‌ನ್ಯಾಗ ಒಬ್ಬ ಕಾಲೇಜು ಹುಡುಗನ ಚೈನ್ ಘಾಟಿನ ತಿರುವಿನ್ಯಾಗ ಕಡೀತು. ಹಿಂದ ಅವನೊಬ್ಬನೇ. ರಿಪೇರಿ ಸಾಮಾನು ಇದ್ದ ಚೀಲ ಮುಂದ ಹೋದವರ ಬೆನ್ನ ಮೇಲೆ. ಫೋನಿಗೆ ಸಿಗ್ನಲ್ ಇಲ್ಲ. ಪಾಪ, ಸೈಕಲ್ ನೂಕ್ಕೊಂಡು ಮೇಲೆ ಬರೋ ಹೊತ್ತಿಗೆ ಅವನ ಮುಖ ನೋಡಾಕ ಆಗ್ತಿರಲಿಲ್ಲ. ಪೆಟ್ಟಾಗಲಿಲ್ಲ, ಅದು ದೇವರ ದಯೆ. ಆದ್ರ ಅವತ್ತು ಮೇಲೆ ಆದ ಜಗಳಕ್ಕ ಇವತ್ತಿಗೂ ಇಬ್ಬರು ಹಿರಿಯರು ಒಬ್ಬರ ಕೂಡ ಒಬ್ಬರು ಮಾತಾಡಂಗಿಲ್ಲ.

ಈ ಸಲ ಹೊರಡೋಕ ಮೊದಲೇ ಇದು ತೀರ್ಮಾನ ಆಗಬೇಕು ಅನ್ನೋದು ನನ್ನ ಆಸೆ. ನಿಮ್ಮ ಗುಂಪಿನ್ಯಾಗ ಹೆಂಗ ಮಾಡ್ತೀರಿ, ಹೇಳ್ರಿ.

ಏರುಬಂಡಿ
ಅವರವರ ವೇಗದಾಗ ಅವರವರು. ಇದರಾಗ ಚರ್ಚೆ ಏನೈತಿ?

ಗಂಗಾವತಿ_ಅಕ್ಕ
ಚರ್ಚೆ ಐತಿ ತಮ್ಮಾ. ಹಿಂದ ಉಳಿದವರ ಜಾಗದಾಗ ನಿಂತು ನೋಡಿದ್ರ ಗೊತ್ತಾಗ್ತೈತಿ.

ಏರುಬಂಡಿ
ಅಕ್ಕಾ, ನಾ ಸಿಟ್ಟಿನಿಂದ ಹೇಳಿದ್ದಲ್ಲ. ಏರಿನ್ಯಾಗ ಇನ್ನೊಬ್ಬರ ವೇಗಕ್ಕ ಹೊಂದ್ಕೊಂಡು ತುಳಿಯೋದು ಇಬ್ಬರಿಗೂ ಕೆಟ್ಟದ್ದು. ಸಾವಕಾಶ ಹೋಗೋನು ಮುಂದಿನವನ ಬೆನ್ನು ಹತ್ತಿದ್ರ ಎರಡು ಕಿಲೋಮೀಟರ್‌ನ್ಯಾಗ ಉಸಿರು ಕಟ್ಟಿ ಕೂತುಬಿಡ್ತಾನ. ಜೋರಾಗಿ ಹೋಗೋನು ತನ್ನ ಲಯ ಬಿಟ್ಟು ತೀರಾ ಸಾವಕಾಶ ತುಳಿದ್ರ ಅವನ ಮೊಣಕಾಲು, ಸೊಂಟ ಹಿಡಿತಾವು. ಬಯಲಿನ ಮಾತು ಬೇರೆ. ಬಯಲಾಗ ಒಬ್ಬರ ಹಿಂದ ಒಬ್ಬರು ಹೋದ್ರ ಗಾಳಿ ತಪ್ತೈತಿ, ಕಸುವು ಉಳಿತೈತಿ. ಏರಿನ್ಯಾಗ ಗಂಟೆಗೆ ಎಂಟೋ ಹತ್ತೋ ಕಿಲೋಮೀಟರ್ ಹೋಗುವಾಗ ಗಾಳಿ ತಡೆಯೋದೇ ಇಲ್ಲ, ತಡೆಯೋದು ನಮ್ಮ ಮೈತೂಕ. ಅಲ್ಲಿ ಯಾರ ಹಿಂದ ಹೋದ್ರೂ ನಿಮಗ ನಯಾಪೈಸೆ ಲಾಭ ಇಲ್ಲ. ಅದಕ್ಕ ಹೇಳಿದ್ದು.

ಸಿಸ್ಟರ್_ಕೊಪ್ಪಳ
ಲೆಕ್ಕ ಸರಿ ಇದೆ ಅಣ್ಣ, ಒಪ್ಪುತ್ತೇನೆ. ಆದರೆ ಅವರವರ ವೇಗದಲ್ಲಿ ಹತ್ತುವುದೇ ಬೇರೆ, ಒಬ್ಬರನ್ನು ಒಂಟಿ ಬಿಡುವುದೇ ಬೇರೆ. ಇಲ್ಲಿ ಎರಡನ್ನೂ ಕಲಸಿ ಮಾತಾಡ್ತಿದ್ದೀವಿ.

ಕೋಟೆಗುಡ್ಡ (ಬಳ್ಳಾರಿ)
ಸಿಸ್ಟರ್, ನಮ್ಮ ಜಗಳದ ಗಂಟು ಅಲ್ಲೇ ಇರೋದು.

ಎರಿಮಣ್ಣು_ರಾಯಚೂರು
ನಾವು ರಾಯಚೂರಾಗ ಒಂದು ಪದ್ಧತಿ ಇಟ್ಕೊಂಡೀವ್ರಿ. ನಮ್ಮಲ್ಲಿ ಗುಡ್ಡ ಕಮ್ಮಿ, ಬಯಲು ಜಾಸ್ತಿ. ಆದ್ರೂ ಮುದಗಲ್ ಕೋಟೆ, ಮಸ್ಕಿ ಕಡೆ ಹೋಗುವಾಗ ಇದೇ ಪದ್ಧತಿ. ಅನುಭವ ಇದ್ದ ಒಬ್ಬಾಂವ ಕಡೀಕ ಇರ್ತಾನ. ಅವನ ಹಿಂದ ಗುಂಪಿನವರು ಯಾರೂ ಇರಂಗಿಲ್ಲ. ಪಂಪು, ಟ್ಯೂಬು, ಪಂಚರ್ ಪಟ್ಟಿ, ಚೈನ್ ಕಡಿಯೋ ಸಾಮಾನು, ಬ್ಯಾಂಡೇಜು, ಎಲ್ಲಾ ಅವನ ಕಡೇನ. ಮುಂದ ಹೋಗೋರಿಗೆ ಕೂಡೋ ಜಾಗ ಮೊದಲೇ ಹೇಳಿರ್ತೀವಿ, ಇಂಥಾ ಕ್ರಾಸು, ಇಂಥಾ ಚಾದಂಗಡಿ ಅಂತ. ಅಲ್ಲಿಂದ ಎಲ್ಲಾರೂ ಬರೋತನಕ ಒಬ್ಬನೂ ಮುಂದ ಹೆಜ್ಜೆ ಇಡಂಗಿಲ್ಲ.

ಇನ್ನೊಂದು ಮಾತು ಐತ್ರಿ, ಭಾಳ ಮಂದಿ ಇದನ್ನ ಮರೀತಾರ. ಕಡೀಗೆ ಬಂದವರು ಬಂದು ಮುಟ್ಟಿದ ಕೂಡಲೇ ಮುಂದಿನವರು "ನಡ್ರಿ, ನಡ್ರಿ" ಅಂತ ಹೊಂಡಬಾರದು. ಮುಂದಿನವರು ಅರ್ಧ ತಾಸು ಕುಂತು ದಣಿವಾರಿಸಿಕೊಂಡಿರ್ತಾರ. ಹಿಂದಿನವರಿಗೆ ಒಂದು ಗುಟುಕು ನೀರಿಗೂ ಪುರಸೊತ್ತಿಲ್ಲ ಅಂದ್ರ ಅದೆಂಥಾ ಕಾಯೋದು? ಕಡೀಗೆ ಬಂದಾಂವ "ಹೂಂ, ಈಗ ಹೋಗೂಣು" ಅಂದ ಮ್ಯಾಲೇನ ಗುಂಪು ಏಳಬೇಕು.

ಗಂಗಾವತಿ_ಅಕ್ಕ
ಈ ಕಡೇ ಮಾತಿಗೆ ನನ್ನ ನೂರು ನಮಸ್ಕಾರ ಅಣ್ಣಾರ.

ನಾನು ಹೋಗ್ತಿದ್ದ ಮೊದಲಿನ ಗುಂಪಿನ ಹೆಸರು ಬ್ಯಾಡ. ಅವರು ಹಿಂಗ ಮಾಡ್ತಿದ್ರು, ನಾನು ಮುಟ್ಟೋದೇ ತಡ ಎದ್ದು ಹೊರಡೋರು. ಒಂದು ಸಲ ಅದಿರಿನ ಲಾರಿ ಓಡಾಡೋ ರಸ್ತೆಯಾಗ ಬಿಟ್ಟು ಹೋದ್ರು. ಲಾರಿ ಒಂದರ ಹಿಂದ ಒಂದು, ಕೆಂಪು ಧೂಳು ಎದ್ದು ಹತ್ತು ಮಾರು ಮುಂದ ಏನೂ ಕಾಣಂಗಿಲ್ಲ, ಟಾರ್ಪಾಲಿನ ಹಗ್ಗ ನನ್ನ ಕಿವಿ ಹತ್ತಿರಾನ ಹಾದು ಹೋಗ್ತಿತ್ತು. ನಾನು ರಸ್ತೆ ಬಿಟ್ಟು ಇಳಿದು ನಿಂತೆ. ಹೆಣ್ಣುಮಗಳು ಒಬ್ಬಾಕಿ, ಸೈಕಲ್ ಹಿಡ್ಕೊಂಡು ನಿಂತಾಳ ಅಂದ್ರ ಹೋಗೋ ಬರೋರೆಲ್ಲಾ ತಿರುಗಿ ನೋಡೋರೇ. ಮೇಲೆ ಹೋದಾಗ ಒಬ್ಬರಾದ್ರೂ "ಯಾಕಮ್ಮಾ ತಡ ಆತು" ಅಂತ ಕೇಳಲಿಲ್ಲ. ಅವತ್ತೇ ಆ ಗುಂಪು ಬಿಟ್ಟೆ.

ಈಗ ನಾವು ಹೆಣ್ಣುಮಕ್ಕಳೇ ಐದಾರು ಮಂದಿ ಸಾಣಾಪುರ, ಆನೆಗುಂದಿ ಕಡೆ ಹೊಡಿತೀವಿ. ಬಂಡೆಗುಡ್ಡದ ನಡುವೆ ಭತ್ತದ ಗದ್ದೆ, ನಸುಕಿನ್ಯಾಗ ಹೋದ್ರ ಕಣ್ಣಿಗೆ ಹಬ್ಬ. ಯಾರನ್ನೂ ಬಿಟ್ಟು ಹೋಗಂಗಿಲ್ಲ.

ಏರುಬಂಡಿ
ಅಕ್ಕಾ, ಅದು ತಪ್ಪೇ. ಲಾರಿ ರಸ್ತೆಯಾಗ ಯಾರನ್ನೂ ಒಂಟಿ ಬಿಡಬಾರದು, ಗಂಡಸರನ್ನೂ ಸೈತ. ಅದರಾಗ ನನ್ನ ಎರಡನೇ ಮಾತಿಲ್ಲ.

ಸಂಡೂರಿನವ
ನಮ್ಮ ಊರಿಗೆ ಬರೋರಿಗೆ ಒಂದೆರಡು ಮಾತು.

ಒಂದು, ತೋರಣಗಲ್ಲು–ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಇದ್ದೇ ಇರ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ರಸ್ತೆ ಬಣಗುಟ್ಟುತ್ತಿತ್ತು. ಆಮೇಲೆ ಹಂತ ಹಂತವಾಗಿ ಗಣಿ ಶುರುವಾದ ಮೇಲೆ ಲಾರಿಗಳೂ ಬಂದವು. ಅದಕ್ಕೇ ಆ ತುಂಡನ್ನು ಬಿಸಿಲೇರುವ ಮುಂಚೆ ಮುಗಿಸಿ. ಸೈಕಲ್ ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯಲಿ, ಧೂಳಲ್ಲಿ ಡ್ರೈವರಿಗೆ ಕಾಣೋದು ಅದೊಂದೇ. ಲಾರಿ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗೋ ಚಟ ಇದ್ದವರು ದಯವಿಟ್ಟು ಅದನ್ನು ಬಳ್ಳಾರಿಯಲ್ಲೇ ಬಿಟ್ಟು ಬನ್ನಿ.

ಎರಡು, ಗುಡ್ಡದಲ್ಲಿ ಕರಡಿ ಇವೆ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಮಾಡಿದ್ದು ಈ ಸೀಮೆಯಲ್ಲಿ ಅಷ್ಟು ಕರಡಿ ಇದ್ದದ್ದಕ್ಕೇ. ಧಾಮದ ಬೇಲಿ ಅವಕ್ಕೆ ಗೊತ್ತಿಲ್ಲ, ಸಂಡೂರು ಕಾಡಲ್ಲೂ ಓಡಾಡ್ತವೆ. ಮುಂಜಾನೆ ನಸುಕು, ಸಂಜೆ ಮಬ್ಬು, ಇವೆರಡೂ ಅವುಗಳ ಹೊತ್ತು. ಕರಡಿ ಬೇಕಂತ ಮೈಮೇಲೆ ಬರೋದು ಕಮ್ಮಿ, ಸದ್ದಿಲ್ಲದೆ ತೀರಾ ಹತ್ತಿರ ಹೋಗಿ ಅದನ್ನು ಬೆಚ್ಚಿಬೀಳಿಸಿದರೆ ಮಾತ್ರ ಬಿಡೋದಿಲ್ಲ. ಸೈಕಲ್‌ಗೆ ಇಂಜಿನ್ ಸದ್ದಿಲ್ಲ, ಅದೇ ಅಪಾಯ. ತಿರುವಲ್ಲಿ ಗಂಟೆ ಹೊಡೀರಿ, ಮಾತಾಡಿಕೊಂಡು ಹೋಗಿ. ಕಡೆಯವನನ್ನು ಒಂಟಿ ಬಿಡಬಾರದು ಅನ್ನೋದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೇ?

ಕೋಟೆಗುಡ್ಡ (ಬಳ್ಳಾರಿ)
ಕರಡಿ ವಿಚಾರ ನಮ್ಮವರು ಯಾರೂ ಎತ್ತಿರಲಿಲ್ಲ ಅಣ್ಣ. ರಾಮಗಡಕ್ಕ ರಸ್ತೆ ಹೆಂಗೈತಿ ಈಗ?

ಸಂಡೂರಿನವ
ಮಳೆಗಾಲದಲ್ಲಿ ದಿನಕ್ಕೊಂದು ಥರ ಇರುತ್ತೆ, ಹೊರಡೋ ಹಿಂದಿನ ದಿನ ಊರಲ್ಲಿ ವಿಚಾರಿಸಿ. ಡಾಂಬರು ಬಿಟ್ಟು ಕಾಡಿನ ಕಚ್ಚಾ ದಾರಿಗೆ ಇಳಿಯೋದಾದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಇಳೀರಿ. ಗಣಿಯವರ ದಾರಿಗೆ ಹೊಕ್ಕರೆ ಗೇಟಲ್ಲಿ ನಿಲ್ಲಿಸ್ತಾರೆ.

ಎತ್ತರ ಕೇಳೋರಿಗೆ: ಸಂಡೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 565 ಮೀಟರ್. ರಾಮಗಡ 3,200 ಅಡಿ ಮೇಲೆ, ಅಂದರೆ ಸಾವಿರ ಮೀಟರಿಗೆ ಹತ್ತಿರ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಸಿಪಾಯಿಗಳಿಗೆ ಬಿಸಿಲು ತಡೀದೆ ಕಾಯಿಲೆ ಬಿದ್ದರೆ ಆರೈಕೆಗೆ ಅಲ್ಲಿಗೇ ಕಳಿಸ್ತಿದ್ದರು.

ಬಿಸಿಲೂರು
ಹಂಗಾದ್ರ 430 ಮೀಟರ್ ಏರು. ಅಷ್ಟೇನಾ? ಮುಳ್ಳಯ್ಯನಗಿರಿ ಮುಂದ ಇದೇನ್ ದೊಡ್ಡದ್ರಿ.

ಏರುಬಂಡಿ
ಬಿಸಿಲೂರು, ಮೊದಲು ಒಂದು ಸಲ ಹತ್ತಿ ಬಾ. ಸರಾಸರಿ ಲೆಕ್ಕ ಹಾಕಿದ್ರ ಎಲ್ಲಾ ಏರೂ ಸಣ್ಣವೇ ಕಾಣ್ತಾವು. ಒಂದೆರಡು ತಿರುವಿನ್ಯಾಗ ಮುಂದಿನ ಚಕ್ರ ಎದ್ದು ಬರ್ತೈತಿ. ಅದಕ್ಕಿಂತ ಮೊದಲು ಬಳ್ಳಾರಿಯಿಂದ ಐವತ್ತು ಕಿಲೋಮೀಟರ್ ಮೇಲೆ ಎದುರುಗಾಳಿ ತಿಂದು ಬಂದಿರ್ತಿ. ಮುಂಗಾರಿನ್ಯಾಗ ಗಾಳಿ ಪಡುವಣದಿಂದ, ನಾವು ಹೋಗೋದೂ ಪಡುವಣಕ್ಕೇ. ಮೊದಲನೇ ದಿನವೇ ಅರ್ಧ ಮಂದಿ ಕಾಲು ಸೋತಿರ್ತಾರ. ಹಂಗಾಗಿ ಬಯಲಾಗ ಕೂಡಿ ಹೋಗಬೇಕು ಅನ್ನೋದು. ಮುಂದಿನವನು ಐದು ನಿಮಿಷ ಗಾಳಿ ತಡೀಬೇಕು, ಆಮೇಲೆ ಪಕ್ಕಕ್ಕ ಸರಿದು ಹಿಂದ ಬರಬೇಕು, ಮುಂದಿನ ಪಾಳಿ ಇನ್ನೊಬ್ಬರದು. ಹೊಸಬರನ್ನ ನಡುವೆ ಹಾಕ್ಕೊಳ್ರಿ. ಅಲ್ಲಿ ಅವರ ಕಸುವು ಉಳಿಸಿದ್ರ ಮರುದಿನ ಗುಡ್ಡದಾಗ ಅವರೇ ನಿಮಗ ಸಾಟಿ ಆಗ್ತಾರ.

ಗಂಗಾವತಿ_ಅಕ್ಕ
ನೋಡು, ಈಗ ನೀನೂ ಕೂಡಿ ಹೋಗೋ ಮಾತು ಆಡಿದಿ.

ಏರುಬಂಡಿ
ಬಯಲಾಗ ಅಂತ ಮೊದಲಿಂದಾನೂ ಹೇಳಾಕತ್ತೀನಿ ಅಕ್ಕಾ!

ಪಂಚರ್_ಪಟ್ಟಿ
ನಿಮ್ಮೆಲ್ಲಾರ ಮಾತಿನ್ಯಾಗ ಮುಖ್ಯ ವೈರಿ ಬಿಟ್ಟೇ ಹೋಗೈತಿ. ಬಳ್ಳಾರಿ ಜಾಲಿ. ನಮ್ಮ ಜಿಲ್ಲೆ ಹೆಸರು ಹೊತ್ತ ಆ ಮುಳ್ಳಿನ ಮುಂದ ಯಾವ ಟೈರೂ ನಿಲ್ಲಂಗಿಲ್ಲ. ಕುರಿ, ಆಡು ಹಾದ ರಸ್ತೆ ಅಂಚು, ಬೇಲಿ ಕಡಿದು ಹಾಕಿದ ಜಾಗ, ಅಲ್ಲೆಲ್ಲಾ ಅದೇ.

ಪಂಚರ್ ಆದ ಕೂಡಲೇ ಮಂದಿ ಹಳೇ ಟ್ಯೂಬ್ ತಗದು ಹೊಸದು ಹಾಕಿ ಗಾಳಿ ಹೊಡೀತಾರ. ಒಂದು ಫರ್ಲಾಂಗ್ ಹೋಗೋದ್ರಾಗ ಮತ್ತ ಪುಸ್ಸ್. ಯಾಕಂದ್ರ ಮುಳ್ಳು ಟೈರಿನ್ಯಾಗೇ ಕುಂತಿರ್ತೈತಿ. ಹೊರಗ ಮುರಿದು ಸಪಾಟ ಆಗಿರ್ತೈತಿ, ಕಣ್ಣಿಗೆ ಕಾಣಂಗಿಲ್ಲ, ಒಳಗ ಮಾತ್ರ ಅಕ್ಕಿಕಾಳಿನ ತುದಿ ಅಷ್ಟು ಚೂಪು ಎದ್ದಿರ್ತೈತಿ. ಟೈರಿನ ಒಳಮೈಗೆ ಒಂದು ಅರಿವಿ ತುಂಡು ಹಿಡಿದು ಸುತ್ತ ಎಳೀರಿ, ಮುಳ್ಳು ಇದ್ದಲ್ಲಿ ಅರಿವಿ ಎಳೆ ಸಿಕ್ಕೊಳ್ತೈತಿ. ಬರಿ ಬೆರಳು ಹಾಕಬ್ಯಾಡ್ರಿ, ಹರೀತೈತಿ. ಸಿಕ್ಕ ಜಾಗದಾಗ ಹೊರಗಿನಿಂದ ಟೈರು ಬಗ್ಗಿಸಿ ಚಿಮಟದಿಂದ ಕೀಳಬೇಕು. ಒಂದು ಸಿಕ್ತು ಅಂತ ನಿಲ್ಲಿಸಬ್ಯಾಡ್ರಿ, ಇಡೀ ಸುತ್ತು ನೋಡ್ರಿ.

ಇನ್ನೊಂದು. ದುಬಾರಿ ಸೈಕಲ್‌ನವರ ಟ್ಯೂಬಿಗೆ ತೆಳು ಮೂತಿಯ ವಾಲ್ ಇರ್ತೈತಿ. ಹಳ್ಳಿ ಪಂಚರ್ ಅಂಗಡಿ ಕಂಪ್ರೆಸರ್ ಬೈಕಿನ ವಾಲಿಗೆ ಮಾಡಿದ್ದು, ಅದಕ್ಕ ಹತ್ತಂಗಿಲ್ಲ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಬರ್ತೈತಿ, ಅದನ್ನ ವಾಲಿನ ಮೇಲೇ ತಿರುವಿ ಬಿಟ್ಟಿರ್ರಿ. ಅದಿಲ್ಲದ ಒಂದೇ ಕಾರಣಕ್ಕ ಟೆಂಪೋದಾಗ ವಾಪಸ್ ಹೋದವರನ್ನ ನೋಡೀನಿ.

ಬಿಸಿಲೂರು
ಟ್ಯೂಬ್‌ಲೆಸ್ ಹಾಕಿಸಿ ಸೀಲೆಂಟ್ (ತೂತು ತಾನೇ ಮುಚ್ಚೋ ದ್ರವ) ಸುರುವಿದ್ರ ಇದ್ಯಾವ ಕಿರಿಕಿರಿನೂ ಇಲ್ಲ.

ಪಂಚರ್_ಪಟ್ಟಿ
ಜಾಲಿಮುಳ್ಳಿಗೆ ಸೀಲೆಂಟ್ ಚಲೋನೇ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮ ಬಿಸಿಲಿಗೆ ಅದು ಲಗೂನ ಒಣಗಿ ಹೋಗ್ತೈತಿ, ಆವಾಗಾವಾಗ ಬಿಚ್ಚಿ ನೋಡಿ ತುಂಬಿಸ್ತಿರಬೇಕು. ಕಲ್ಲು ಕೊಯ್ದು ಟೈರಿನ ಪಕ್ಕ ಹರಿದ್ರ ಸೀಲೆಂಟ್ ಏನೂ ಮಾಡಂಗಿಲ್ಲ. ಟ್ಯೂಬ್‌ಲೆಸ್‌ನವರೂ ಒಂದು ಟ್ಯೂಬ್ ಚೀಲದಾಗ ಇಟ್ಕೊಳ್ಳಲೇಬೇಕು.

ಎರಿಮಣ್ಣು_ರಾಯಚೂರು
ನಮ್ಮ ಕಡೆ ಮುಳ್ಳಿಗಿಂತ ಎರಿಮಣ್ಣಿನ ಕಾಟ ಜಾಸ್ತಿರಿ. ಮಳಿ ಬಿದ್ದ ಮ್ಯಾಲೆ ಹೊಲದ ದಾರಿಗೆ ಇಳಿದ್ರ ಟೈರಿಗೆ ಮೆತ್ತಿ ಮೆತ್ತಿ ಚಕ್ರಾನ ತಿರುಗಂಗಿಲ್ಲ, ಸೈಕಲ್ ಹೊತ್ಕೊಂಡು ಬರಬೇಕು. ಲಿಂಗಸೂಗೂರು ಕಡೆ ಒಮ್ಮೆ ಹಿಂಗ ಸಿಕ್ಕೊಂಡಾಗ ಕುರಿ ಕಾಯೋ ಅಜ್ಜ ಒಬ್ಬರು ತಮ್ಮ ಕೊಡಲಿ ಕಾವಿನಿಂದ ಒಬ್ಬೊಬ್ಬರ ಚಕ್ರದ ಮಣ್ಣೂ ಕೆರೆದು ಕೊಟ್ರು. ನಾವು ರೊಕ್ಕ ಕೊಡಾಕ ಹೋದ್ರ ಮುಟ್ಟಲಿಲ್ಲ. "ನಿಮ್ಮ ಕೂಡ ಕುಂತು ಒಂದು ರೊಟ್ಟಿ ತಿಂತೀನಿ" ಅಂದ್ರು. ನಮ್ಮ ಬುತ್ತ್ಯಾಗ ಇದ್ದ ಸಜ್ಜಿರೊಟ್ಟಿ, ಶೇಂಗಾ ಹಿಂಡಿ ತಿಂದು, ತಮ್ಮ ಕೊಡದ ನೀರು ನಮಗ ಕೊಟ್ಟು ಹೋದ್ರು. ಆ ದಾರ್ಯಾಗ ಹೋದಾಗೆಲ್ಲಾ ನಮ್ಮ ಕಣ್ಣು ಅವರನ್ನ ಹುಡುಕ್ತಾವು.

ಸಂಡೂರಿನವ
ಎರೆಮಣ್ಣಿನ ಹಾಗೆ ಅಂಟದಿದ್ದರೂ ನಮ್ಮ ಕೆಂಪು ಮಣ್ಣಿಗೆ ಇನ್ನೊಂದು ಗುಣ ಇದೆ. ಅದರಲ್ಲಿ ಅದಿರಿನ ನುರುಜು ಇರುತ್ತೆ. ಮಳೆಯಲ್ಲಿ ಅದು ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವೆ ಹೊಕ್ಕರೆ ಉಪ್ಪುಕಾಗದದಂತೆ ಉಜ್ಜುತ್ತೆ. ಘಾಟಿ ಇಳಿಯೋಕೆ ಮುಂಚೆ ಬಾಟಲಿ ನೀರು ಒಂದಿಷ್ಟು ಸುರಿದು ತೊಳೆದುಕೊಳ್ಳಿ.

ಚೈನುಕವರ್
ಇಳಿಜಾರಿನ ಮಾತು ಬಂತಲ್ಲ, ಒಂದು ಹೇಳ್ತೀನಿ. ಹತ್ತುವಾಗ ಯಾರಿಗೂ ಪೆಟ್ಟಾಗೋದಿಲ್ಲ, ಆಗೋದೆಲ್ಲಾ ಇಳಿಯುವಾಗ. ಹತ್ತಿ ಸುಸ್ತಾಗಿರ್ತಾರೆ, ಖುಷಿ ತಲೆಗೇರಿರುತ್ತೆ, ಬ್ರೇಕ್ ಒಂದೇ ಸಮನೆ ಹಿಡ್ಕೊಂಡು ಬರ್ತಾರೆ. ಬ್ರೇಕ್ ಕಾದು ಹಿಡಿತ ಹೋಗುತ್ತೆ. ತಿರುವಿಗೆ ಮುಂಚೆ ನೇರ ದಾರಿಯಲ್ಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಬಿಡಿ. ಮೈ ಸೀಟಿನ ಹಿಂದಕ್ಕೆ. ಮುಂದಿನ ಸೈಕಲ್ಲಿಗೂ ನಿಮಗೂ ನಡುವೆ ಐದಾರು ಸೈಕಲ್ ಜಾಗ ಇರಲಿ. ಹತ್ತುವಾಗ ಮುಂದೆ ಹೋದವರು ಇಳಿಯುವಾಗ ಹಿಂದೆ ಇರಲಿ ಅನ್ನೋದು ನಮ್ಮ ಗುಂಪಿನ ಕಟ್ಟಳೆ. ಅವರ ಅವಸರಕ್ಕೆ ಹೊಸಬರು ಪೈಪೋಟಿಗೆ ಬೀಳೋದು ತಪ್ಪುತ್ತೆ.

ಏರುಬಂಡಿ
ಇದು ಹೊಸದು ನನಗ. ಚಲೋ ಐತಿ ಕಟ್ಟಳೆ.

ಕಾಲೇಜುಹುಡುಗ
ಅಣ್ಣಾರ, ನಾನು ಈ ಸಲ ಮೊದಲನೇ ಸಲ ಬರ್ತಿರೋದು. ನನ್ನದು ಸಾದಾ ಗೇರ್ ಸೈಕಲ್, ಮುಂದ ಮೂರು ಹಿಂದ ಏಳು. ಗುಡ್ಡ ಹತ್ತತೈತೇನ್ರಿ? ಎಲ್ಲಾರದೂ ಭಾರಿ ಸೈಕಲ್ ನೋಡಿ ಹೆದರಿಕಿ ಆಗಾಕತ್ತೈತಿ.

ಪಂಚರ್_ಪಟ್ಟಿ
ಹತ್ತತೈತಿ ತಮ್ಮಾ, ಬಿಡು ಹೆದರಿಕಿ. ನಿನ್ನ ಸೈಕಲ್‌ಗೆ ಮುಂದಿನ ಸಣ್ಣ ಚಕ್ರ 24 ಹಲ್ಲು, ಹಿಂದಿನ ದೊಡ್ಡದು 28 ಹಲ್ಲು ಇರಬೇಕು, ಎಣಿಸಿ ನೋಡು. ಅಂದ್ರ ಪೆಡಲ್ ಒಂದು ಸುತ್ತು ಬಂದ್ರ ಹಿಂದಿನ ಚಕ್ರ ಒಂದು ಸುತ್ತೂ ಪೂರ್ತಿ ಬರಂಗಿಲ್ಲ. ಆ ತೆಳು ಟೈರಿನ ರೋಡ್ ಸೈಕಲ್‌ನವರಿಗೆ ಇಷ್ಟು ಹಗುರ ಗೇರ್ ಸಾಮಾನ್ಯ ಇರಂಗಿಲ್ಲ. ಏರಿನ್ಯಾಗ ನೀನೇ ಶ್ರೀಮಂತ.

ಒಂದೇ ಎಚ್ಚರ. ಗೇರ್ ಏರು ಶುರು ಆಗೋ ಮೊದಲೇ ಇಳಿಸಿಕೋ. ಎದ್ದು ನಿಂತು ಜೀವ ಬಿಟ್ಟು ತುಳಿಯುವಾಗ ಕಟಕ್ಕಂತ ಗೇರ್ ಬದಲಿಸಿದ್ರ ಚೈನ್ ಕಡಿಯೋದು ಆವಾಗಲೇ. ನಿನ್ನ ಚೈನಿಗೆ ಹೊಂದೋ ಜೋಡಿ ಲಿಂಕ್ (ಕಡಿದ ಚೈನ್ ಕೂಡಿಸೋ ಕೊಂಡಿ) ಒಂದು ಕಿಸೆದಾಗ ಇರಲಿ.

ಏರುಬಂಡಿ
ತಮ್ಮಾ, ಮಾತಾಡ್ತಾ ತುಳಿಯೋ ಅಷ್ಟು ಉಸಿರು ಇರಬೇಕು, ಅದೇ ನಿನ್ನ ವೇಗ. ಮಾತು ತುಂಡಾಗಾಕತ್ರ ಇಳಿಸು. ಕುಮಾರಸ್ವಾಮಿ ಗುಡ್ಡಕ್ಕ ನಾನು ನಿನ್ನ ಜೊತೆ ಕಡೀಕ ಬರ್ತೀನಿ.

ಗಂಗಾವತಿ_ಅಕ್ಕ
ಏರುಬಂಡಿ, ಈ ಮಾತಿಗೆ ನಿನಗ ಒಂದು ಪ್ಲೇಟ್ ವಗ್ಗಾಣಿ-ಮಿರ್ಚಿ ನನ್ನ ಲೆಕ್ಕದಾಗ.

ಸಿಸ್ಟರ್_ಕೊಪ್ಪಳ
ಊಟದ ಮಾತು ಬಂದಿದ್ದಕ್ಕೆ ನೀರಿನ ಮಾತೂ ಹೇಳಿಬಿಡ್ತೇನೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು, ಬಿಸಿಲಿಗೆ ಬಿದ್ದು ಬರೋರನ್ನು ಬೇಸಿಗೆ ಪೂರ್ತಿ ನೋಡ್ತೇನೆ. ಮಳೆಗಾಲದಲ್ಲೂ ಮೋಡ ಸರಿದರೆ ನಮ್ಮ ಕಡೆ ಬಿಸಿಲು ಬಿಸಿಲೇ.

ಬರೀ ನೀರು ಲೀಟರ್‌ಗಟ್ಟಲೆ ಕುಡಿದರೆ ಸಾಕು ಅಂದ್ಕೊಳ್ಳಬೇಡಿ. ಬೆವರಿನ ಜೊತೆ ಉಪ್ಪೂ ಹೋಗಿರುತ್ತೆ, ಮೇಲೆ ಬರೀ ನೀರೇ ಸುರಿದರೆ ರಕ್ತದಲ್ಲಿ ಉಪ್ಪಿನಂಶ ಇನ್ನೂ ತೆಳುವಾಗುತ್ತೆ. ತಲೆನೋವು, ವಾಂತಿ, ಮಂಕು ಶುರುವಾಗುತ್ತೆ. ಓಆರ್‌ಎಸ್ ಪೊಟ್ಟಣ ಇಟ್ಕೊಳ್ಳಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಮಾಡಬೇಡಿ.

ಜೊತೆಗಿರೋರು ನೋಡಬೇಕಾದ್ದು ಇಷ್ಟು. ಒಬ್ಬರು ತಡವರಿಸಿ ಮಾತಾಡ್ತಿದ್ದಾರೆ, ಸುಮ್ಮನೆ ಸಿಡುಕ್ತಿದ್ದಾರೆ, ನೇರ ಹೋಗದೆ ಸೈಕಲ್ ಓಲಾಡ್ತಿದೆ, ಮೈ ಕೆಂಡದ ಹಾಗಿದೆ ಅಂದರೆ "ಸ್ವಲ್ಪ ದೂರ, ಹತ್ತಿಬಿಡು" ಅನ್ನಬಾರದು. ನೆರಳಿಗೆ ಕೂರಿಸಿ, ಹೆಲ್ಮೆಟ್ ತೆಗೆದು, ತಲೆ ಕುತ್ತಿಗೆ ಕಂಕುಳಿಗೆ ನೀರು ಹಾಕಿ ಗಾಳಿ ಬೀಸಿ, ಗಾಡಿ ತರಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಲೇಬಾರದು. ಇಷ್ಟು ಬೇಗ ಗುರುತು ಹಿಡಿಯೋಕೆ ಪಕ್ಕದಲ್ಲಿ ಒಬ್ಬರು ಇರಬೇಕಲ್ಲವೇ? ಒಂಟಿ ಬಿಟ್ಟವರನ್ನು ಯಾರು ನೋಡಬೇಕು? ಇದೊಂದು ಮಾತಿಗೆ ನನ್ನ ಹತ್ತಿರ ರಾಜಿ ಇಲ್ಲ.

ಬಿಸಿಲೂರು
ಸಿಸ್ಟರ್, ಇದನ್ನ ಹಂಗೇ ನಮ್ಮ ವಾಟ್ಸಾಪ್ ಗುಂಪಿಗೆ ಹಾಕ್ತೀನಿ.

ಹಳೇಅಟ್ಲಾಸ್
ಸಣ್ಣವರೆಲ್ಲಾ ಗೇರು, ಸೀಲೆಂಟು ಅಂತ ಮಾತಾಡೋದು ಓದಿ ನಮ್ಮ ದೊಡ್ಡಪ್ಪನ ನೆನಪಾಯಿತು. ಅವರದು ಕಪ್ಪು ಅಟ್ಲಾಸ್ ಸೈಕಲ್ಲು. ಹಿಂದಿನ ಕ್ಯಾರಿಯರಿಗೆ ಎರಡು ಹಾಲಿನ ಕ್ಯಾನು ಕಟ್ಟಿ ದಿನಾ ಹಳ್ಳಿಯಿಂದ ಪೇಟೆಗೆ. ಏರು ಬಂದರೆ ಇಳಿದು ನೂಕುತ್ತಿದ್ದರು, ಅದನ್ನು ಯಾರೂ ಅವಮಾನ ಅಂದುಕೊಳ್ಳುತ್ತಿರಲಿಲ್ಲ. ಹಾಲಿನವರು ನಾಲ್ಕೈದು ಜನ ಕೂಡಿಯೇ ಹೊರಡುತ್ತಿದ್ದರು. ಒಬ್ಬನ ಕ್ಯಾನು ವಾಲಿದರೆ ಎಲ್ಲರೂ ನಿಂತು ಕಟ್ಟಿಕೊಡುತ್ತಿದ್ದರು. ಹಾಲು ಕೆಟ್ಟರೆ ಒಬ್ಬನ ನಷ್ಟ, ಆದರೂ ಎಲ್ಲರೂ ನಿಲ್ಲುತ್ತಿದ್ದರು. ಆ ಅಟ್ಲಾಸ್ ಕಾರ್ಖಾನೆ 2020ರಲ್ಲಿ ವಿಶ್ವ ಸೈಕಲ್ ದಿನದಂದೇ ಕೆಲಸ ನಿಲ್ಲಿಸಿದ ಸುದ್ದಿ ಓದಿ ಮನೆಮಂದಿಗೆಲ್ಲಾ ಸಂಕಟವಾಗಿತ್ತು. ಸೈಕಲ್ಲು ಈಗಲೂ ನಮ್ಮ ಅಟ್ಟದ ಕೆಳಗೆ ನಿಂತಿದೆ, ಬೆಲ್ಲು ಇವತ್ತಿಗೂ ಹೊಡೆಯುತ್ತದೆ.

ಏರಲ್ಲಿ ಇಳಿದು ನೂಕುವವರನ್ನು ನಗಬೇಡಿ ಅಂತ ಹೇಳಲು ಬರೆದೆ.

ಚೈನುಕವರ್
ನೂಕೋದಕ್ಕೆ ನಾಚಿಕೆ ಯಾಕೆ ಸರ್. ಕಡಿದಾದ ತಿರುವಲ್ಲಿ ನೂಕೋನೂ ತುಳಿಯೋನೂ ಹೆಚ್ಚು ಕಡಿಮೆ ಒಟ್ಟಿಗೇ ಮೇಲೆ ಬರ್ತಾರೆ.

ಸಂಡೂರಿನವ
ನಿಜ ಸರ್. ಬರೋರು ಅವಸರ ಮಾಡದೆ ಊರು ನೋಡ್ಕೊಂಡು ಹೋಗಿ ಅಂತ ನನ್ನ ಕೋರಿಕೆ. 1934ರಲ್ಲಿ ಗಾಂಧೀಜಿ ಬಂದಾಗ ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಅಂದಿದ್ದರಂತೆ, ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು ಆ ಮಾತು. ಕುಮಾರಸ್ವಾಮಿ ಗುಡ್ಡದ ಮೇಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಗುಡಿಯೊಳಗೆ ಹೋಗೋಕೆ ಸೈಕ್ಲಿಂಗ್ ಬಟ್ಟೆ ಮೇಲೆ ಒಂದು ಪಂಚೆಯೋ ಪೈಜಾಮವೋ ಹಾಕ್ಕೊಳ್ಳಿ. ನಾರಿಹಳ್ಳ ಜಲಾಶಯದ ದಂಡೆಗೆ ಸಂಜೆ ಹೋದರೆ ಸಾಕು, ಆಗ ಗಾಳಿ ತಂಪಾಗಿರುತ್ತೆ.

ಎರಿಮಣ್ಣು_ರಾಯಚೂರು
ಕುಡುತಿನಿ ಹತ್ರ ನವಶಿಲಾಯುಗದ ಬೂದಿದಿಬ್ಬ ಐತಲ್ರಿ, ಅಲ್ಲೂ ಐದು ನಿಮಿಷ ನಿಲ್ರಿ. ಸಾವಿರಾರು ವರ್ಷದ ಹಿಂದ ದನ ಕಟ್ಟಿದ ಮಂದಿ ಸಗಣಿ ಸುಟ್ಟು ಸುಟ್ಟು ಆದ ದಿಬ್ಬ. ನಮ್ಮ ಹುಡುಗರಿಗೆ ಸುಮ್ಮನ ಮಣ್ಣಗುಡ್ಡಿ ಕಂಡಂಗ ಕಾಣ್ತೈತಿ, ಹೇಳಿದ ಮ್ಯಾಲೆ ಬೆರಗಾಗ್ತಾರ.

ಬಿಸಿಲೂರು
ಬೂದಿದಿಬ್ಬ ನೋಡ್ಕೋತ ನಿಂತ್ರ ಬಿಸಿಲು ಏರ್ತೈತಿ ಅಣ್ಣಾರ. ವಾಪಸ್ ಬರುವಾಗ ಗಾಳಿ ಬೆನ್ನಿಗಿರ್ತೈತಿ, ಆವಾಗ ನೋಡೋಣು.

ಕೋಟೆಗುಡ್ಡ (ಬಳ್ಳಾರಿ)
ಎಲ್ಲಾರಿಗೂ ಶರಣು. ನಮ್ಮ ಗುಂಪಿನವರು ಕೂತು ಈ ಚರ್ಚೆ ಪೂರ್ತಿ ಓದಿದ್ವಿ. ಮಾತು ಬಿಟ್ಟಿದ್ದ ಇಬ್ಬರು ಹಿರಿಯರೂ ಬಂದಿದ್ರು. ಒಪ್ಪಿಕೊಂಡದ್ದು ಹೇಳ್ತೀನಿ.

ತೋರಣಗಲ್ಲುತನಕ ಪಾಳಿ ಮೇಲೆ ಗಾಳಿ ತಡ್ಕೊಂಡು ಕೂಡಿ ಹೋಗೋದು, ಲಾರಿ ರಸ್ತೆಯಾಗ ಒಂದೇ ಸಾಲು. ಗುಡ್ಡದಾಗ ಅವರವರ ವೇಗ, ಆದ್ರ ಯಾರೂ ಒಂಟಿ ಅಲ್ಲ, ಕನಿಷ್ಠ ಇಬ್ಬಿಬ್ಬರು. ದಾರಿಯಾಗ ಮೂರು ಕಡೆ ಕೂಡೋ ಜಾಗ. ಕಡೆಯವರು ಏಳೋತನಕ ಯಾರೂ ಏಳಂಗಿಲ್ಲ. ಸಾಮಾನಿನ ಚೀಲ ಎರಡು ಮಾಡೀವಿ, ದೊಡ್ಡದು ಕಡೆಯವರ ಹತ್ರ, ಸಣ್ಣದು ಮುಂದಿನವರ ಹತ್ರ. ಮಬ್ಬು ಬೀಳೋದ್ರಾಗ ಗುಡ್ಡ ಇಳಿದಿರಬೇಕು, ರಾಮಗಡ ಉಳಿದ್ರೂ ಪರವಾಗಿಲ್ಲ.

ಆ ಇಬ್ಬರು ಹಿರಿಯರು ಕಡೆಯವರ ಪಾಳಿ ತಾವೇ ಹಂಚ್ಕೊಂಡ್ರು. ಮೊದಲನೇ ದಿನ ಒಬ್ಬರು, ಎರಡನೇ ದಿನ ಇನ್ನೊಬ್ಬರು.

ಏರುಬಂಡಿ
ಎರಡನೇ ದಿನ ನಾನೂ ಕಡೀಕ ಇರ್ತೀನಿ ಅಂದೀನಲ್ಲ, ಹಿರಿಯರ ಜೊತೆ ಸೇರ್ಕೊಳ್ತೀನಿ.

ಎರಿಮಣ್ಣು_ರಾಯಚೂರು
ಒಪ್ಪಿಕೊಂಡದ್ದೆಲ್ಲಾ ಚಲೋ ಐತ್ರಿ, ಒಂದು ತಕರಾರು. ಹತ್ತು ಕಿಲೋಮೀಟರ್ ಏರಿಗೆ ಮೂರು ಕಡೆ ನಿಲ್ಲೋದು ಜಾಸ್ತಿ. ಮೈ ತಣ್ಣಗಾಗಿ ಕಾಲು ಹಿಡಿತಾವು. ನಡುವೆ ಒಂದು ಸಾಕು.

ಸಿಸ್ಟರ್_ಕೊಪ್ಪಳ
ಹೊಸಬರಿದ್ದಾರೆ ಅಣ್ಣ, ಮೂರು ಇರಲಿ. ಕಾಲು ಹಿಡಿಯೋರು ನಿಂತಲ್ಲೇ ಎರಡು ಹೆಜ್ಜೆ ಅಡ್ಡಾಡಲಿ.

ಕಾಲೇಜುಹುಡುಗ
ನನಗ ಮೂರೇ ಇರಲ್ರಿ!

ಎರಿಮಣ್ಣು_ರಾಯಚೂರು
ಆತು ಆತು, ಹುಡುಗನ ಮಾತಿಗೆ ಮೂರು.

ಗಂಗಾವತಿ_ಅಕ್ಕ
ನಮ್ಮ ಕಡೆಯಿಂದ ಮೂವರು ಹೆಣ್ಣುಮಕ್ಕಳು ಬರ್ತೀವಿ, ಜಾಗ ಐತೇನ್ರಿ ಕೋಟೆಗುಡ್ಡ ಅಣ್ಣಾರ? ಬೆಳಗ್ಗೆ ಗಂಗಾವತಿಯಿಂದ ಸೈಕಲ್ ಗಾಡಿಗೆ ಹಾಕ್ಕೊಂಡು ಸೀದಾ ತೋರಣಗಲ್ಲಿಗೆ ಬಂದು ಕೂಡ್ಕೊಳ್ತೀವಿ. ವಸ್ತಿಗೆ ನಮಗ ಬೇರೆ ಕೋಣೆ ಬೇಕು.

ಕೋಟೆಗುಡ್ಡ (ಬಳ್ಳಾರಿ)
ಬರ್ರಿ ಅಕ್ಕಾರ, ಕೋಣೆ ಇವತ್ತೇ ಹೇಳಿಡ್ತೀನಿ. ತೋರಣಗಲ್ಲು ಕ್ರಾಸಿನ ಚಾದಂಗಡಿ ಹತ್ರ ಏಳೂವರೆಗೆ.

ಪಂಚರ್_ಪಟ್ಟಿ
ಯಾರ್ಯಾರ ಚಕ್ರ 26, ಯಾರ್ಯಾರದು 29, ಯಾರದು ತೆಳು ಟೈರು ಅಂತ ಇಲ್ಲೇ ಬರೀರಿ. ನಾಳೆ ಪೇಟೆಗೆ ಹೋಗೋನಿದ್ದೀನಿ, ಲೆಕ್ಕ ನೋಡಿ ಟ್ಯೂಬ್ ತಗೊಂಡು ಬರ್ತೀನಿ.

ಕಾಲೇಜುಹುಡುಗ
ನಂದು 26 ಅಣ್ಣಾರ. ಹಲ್ಲು ಎಣಿಸಿದೆ, ಮುಂದ 24, ಹಿಂದ 28, ನೀವು ಹೇಳಿದಂಗೇ ಐತಿ.

ಗಂಗಾವತಿ_ಅಕ್ಕ
ನಮ್ಮವು ಎರಡು 26, ಒಂದು 29.